ಎರಡನೆಯ ಕೈಬಂದೂಕಿಗೆ ಯಾವ ಬೋರ್?

ಪರವಾನಗಿ ಪುಸ್ತಕದಲ್ಲಿ ಒಂದು .32 ರಿವಾಲ್ವರ್ ಆಗಲೇ ದಾಖಲಾಗಿದ್ದು, ಇನ್ನೊಂದು ಆಯುಧಕ್ಕೆ ಜಾಗ ಉಳಿದಿದ್ದರೆ ಆ ಜಾಗವನ್ನು ಯಾವ ಬೋರಿಗೆ ಕೊಡಬೇಕು ಎಂದು ನನ್ನನ್ನು ಮೊದಲು ಕೇಳಿದವರು ಬದಿಯಡ್ಕದ ಆಚೆ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಭಾವ. ಅವರಿಗೆ ಅರವತ್ತು ದಾಟಿದೆ. ರಿವಾಲ್ವರ್ ಮನೆಗೆ ಬಂದು ಹದಿನೆಂಟು ವರ್ಷವಾಗಿದೆ. ಅದರಿಂದ ಅವರು ಈವರೆಗೆ ಹೊಡೆದ ಗುಂಡುಗಳನ್ನು ಎರಡು ಕೈಗಳ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದು. ಈ ಕೊನೆಯ ಸಂಗತಿಯೇ ನನ್ನ ಉತ್ತರವನ್ನು ತೀರ್ಮಾನಿಸಿತೆಂದು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿರುವ ನೆಂಟರು ಕಳುಹಿಸುವ, 9 ಎಂಎಂ ಮೇಲೋ .45 ಮೇಲೋ ಎಂಬ ಚರ್ಚೆಗಳಿಂದ ಕಾಸರಗೋಡಿನವರಿಗೆ ಏನೂ ಪ್ರಯೋಜನವಿಲ್ಲ, ಏಕೆಂದರೆ ಆ ಎರಡೂ ನಮ್ಮ ಕೈಗೆ ಬರುವಂಥವಲ್ಲ. ನಮ್ಮ ಆಯ್ಕೆಯ ಬುಟ್ಟಿ ಬಹಳ ಚಿಕ್ಕದು. ಅದರೊಳಗೆ ಇರುವ ಮೂರು ನಾಲ್ಕು ವಸ್ತುಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಇಲ್ಲಿ ನೋಡೋಣ.

ಒಂದು ಮಾತಿನ ಗೊಂದಲವನ್ನು ಮೊದಲು ಬಿಡಿಸಬೇಕು. ಕ್ಯಾಲಿಬರ್ ಎಂಬ ಪದವನ್ನು ನಮ್ಮಲ್ಲಿ ಹೆಚ್ಚು ಯಾರೂ ಬಳಸುವುದಿಲ್ಲ. ಅಂಗಡಿಯಲ್ಲೂ ಕಚೇರಿಯಲ್ಲೂ ಬೋರ್ ಎಂದೇ ಮಾತು. ಆದರೆ 12 ಬೋರಿನ ಕೋವಿಯ 12 ಎಂಬುದೂ 32 ಬೋರಿನ ರಿವಾಲ್ವರಿನ 32 ಎಂಬುದೂ ಒಂದೇ ಅಳತೆಯ ಎರಡು ಸಂಖ್ಯೆಗಳಲ್ಲ. ಒಂದು ಪೌಂಡು ಸೀಸದಲ್ಲಿ ನಳಿಗೆಯ ಅಗಲಕ್ಕೆ ಸರಿಹೋಗುವ 12 ಉಂಡೆಗಳಾಗುತ್ತವೆ ಎಂಬುದು ಮೊದಲನೆಯದರ ಅರ್ಥ. ಇಂಚಿನ ನೂರರಲ್ಲಿ 32 ಭಾಗ ಎಂಬುದು ಎರಡನೆಯದರ ಅರ್ಥ. ಅದರಲ್ಲೂ ಈ .32 ಎಂಬುದು ಒಂದು ಹೆಸರು ಮಾತ್ರ. ಗುಂಡನ್ನು ಅಳೆದು ನೋಡಿದರೆ.312 ಇಂಚಿನ ಆಸುಪಾಸಿನಲ್ಲಿ, ಅಂದರೆ ಸುಮಾರು 7.9 ಮಿಲಿಮೀಟರ್ ಇರುತ್ತದೆ.

ಬೋರನ್ನು ಆರಿಸುವುದಕ್ಕೆ ಮುನ್ನ, ಎರಡನೆಯ ಕೈಬಂದೂಕು ಬೇಕೇ ಎಂಬುದನ್ನು ಯೋಚಿಸಲೇಬೇಕಾದ ಕಾರಣವೊಂದು ನಮ್ಮ ಕಾನೂನಿನಲ್ಲೇ ಇದೆ. 1959ರ ಆಯುಧ ಕಾಯ್ದೆಯ ಪ್ರಕಾರ ಬಹಳ ಕಾಲ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಮೂರು ಬಂದೂಕುಗಳಿರಬಹುದಾಗಿತ್ತು. 2019ರ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಸ್ಪರ್ಧೆಗಳಲ್ಲಿ ಭಾಗವಹಿಸುವ ಮಾನ್ಯತೆ ಪಡೆದ ಶೂಟರುಗಳಿಗೆ ಪ್ರತ್ಯೇಕ ವಿನಾಯಿತಿಗಳಿವೆ, ಆದರೆ ಅಡಿಕೆ ಸುಲಿಸುವವನಿಗೆ ಅವು ಅನ್ವಯಿಸುವುದಿಲ್ಲ. ಆದ್ದರಿಂದ ಎರಡನೆಯ ಕೈಬಂದೂಕು ಎಂದರೆ ನಿಮ್ಮ ಹೆಸರಿನಲ್ಲಿ ಇರಬಹುದಾದ ಕೊನೆಯ ಬಂದೂಕು ಎಂದೇ ಅರ್ಥ. ಅದು ಬಂದ ಮೇಲೆ ಜೋಡುನಳಿಗೆಯ ಕೋವಿಗೆ ಜಾಗ ಉಳಿಯುವುದಿಲ್ಲ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಯ ಕಡೆ ಹಂದಿ ಬಂದು ಬಾಳೆಯ ಬುಡವನ್ನೂ ಮರಗೆಣಸಿನ ಸಾಲನ್ನೂ ಅಗೆದು ಹೋದ ಬೆಳಿಗ್ಗೆ ರಿವಾಲ್ವರಿನಿಂದ ಯಾವ ಉಪಕಾರವೂ ಆಗುವುದಿಲ್ಲ. ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ವಹಿಸಿತು ನಿಜ. ಆದರೆ ಆ ಕೆಲಸಕ್ಕೆ ಬೇಕಾಗುವುದು ಕೋವಿ. .32ರ ಗುಂಡಿನಿಂದ ಹಂದಿಯನ್ನು ಕೆಡವಲು ಹೊರಡುವುದೆಂದರೆ ಪ್ರಾಣಿಗೆ ಹಿಂಸೆ, ಹೊರಟವನಿಗೆ ಅಪಾಯ. ಕಾಯ್ದೆಯ 13ನೆಯ ವಿಧಿ ಕೂಡ 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಗೀರುಗಳಿಲ್ಲದ ಕೋವಿಯ ವಿಷಯದಲ್ಲಿ ಉದಾರವಾಗಿದ್ದು, ಕೈಬಂದೂಕನ್ನು ಕೇಳಿದವನು ಅದಕ್ಕೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕೆಂದು ಬಯಸುತ್ತದೆ. ತೋಟಕ್ಕೆ ಕೋವಿ ಬೇಕಾಗಿರುವವರು, ಅದು ಮನೆಯ ಬೇರೆಯವರ ಹೆಸರಿನಲ್ಲಿ ಇಲ್ಲದಿದ್ದರೆ, ಈ ಬರಹವನ್ನು ಇಲ್ಲಿಗೇ ನಿಲ್ಲಿಸಬಹುದು. ಭಾವನ ಮನೆಯಲ್ಲಿ ಕೋವಿ ಮಗನ ಹೆಸರಿನಲ್ಲಿದೆ. ಆದ್ದರಿಂದ ನಮ್ಮ ಮಾತು ಮುಂದುವರಿಯಿತು.

ಯಾವುದು ಸಿಗುವುದಿಲ್ಲ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. 9 ಎಂಎಂ, .38, .455 ಇವೆಲ್ಲ ನಿಷೇಧಿತ ಬೋರುಗಳು. ಸೈನ್ಯ ಮತ್ತು ಪೊಲೀಸರ ಆಯುಧಗಳಿಗೆ ಹೊಂದುವ ತೋಟೆ (ಗುಂಡು, ಮದ್ದು ಎರಡೂ ಸೇರಿದ ಕೊಳವೆ) ಸಾರ್ವಜನಿಕರ ಕೈಯಲ್ಲಿ ಇರಬಾರದು ಎಂಬ ಬ್ರಿಟಿಷ್ ಕಾಲದ ಎಚ್ಚರಿಕೆ ಇದರ ಹಿಂದಿದೆ. ಜಿಲ್ಲಾಧಿಕಾರಿಯ ಕಚೇರಿಯಿಂದ ಸಾಮಾನ್ಯ ಅರ್ಜಿದಾರನಿಗೆ ಸಿಗಬಹುದಾದದ್ದು ನಿಷೇಧಿತವಲ್ಲದ ಬೋರ್ ಮಾತ್ರ. ಕೈಬಂದೂಕಿನ ಮಟ್ಟಿಗೆ ಅದು ವ್ಯವಹಾರದಲ್ಲಿ .32ರ ಎರಡು ಬಗೆ, .22 ಮತ್ತು ಎಲ್ಲೋ ಅಪರೂಪಕ್ಕೆ ಕಾಣುವ .25 ಎಂದಾಗುತ್ತದೆ. 1980ರ ದಶಕದಲ್ಲಿ ಸಾಮಾನ್ಯರಿಗೆ ಹೊರದೇಶದಿಂದ ಬಂದೂಕು ತರುವ ದಾರಿ ಮುಚ್ಚಿದ ಮೇಲೆ ಇಲ್ಲಿ ಉಳಿದಿರುವ ವಿದೇಶಿ ಪಿಸ್ತೂಲುಗಳು ಕೈಯಿಂದ ಕೈಗೆ ದಾಟುತ್ತಾ, ಪ್ರತಿಸಲವೂ ಬೆಲೆ ಏರಿಸಿಕೊಳ್ಳುತ್ತಾ ಬಂದಿವೆ. ಹೆಸರಿಗಾಗಿ ಅಷ್ಟು ಹಣ ಸುರಿಯುವುದು ನನಗಂತೂ ಸರಿಕಾಣುವುದಿಲ್ಲ.

ಇನ್ನು .32ರ ಎರಡು ಬಗೆಗಳ ಮಾತು. ಇಲ್ಲಿ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ವರ್ಷಗಟ್ಟಲೆ ಪರವಾನಗಿ ಇಟ್ಟುಕೊಂಡವರೂ ಇಲ್ಲಿ ಎಡವುತ್ತಾರೆ. ಭಾವನ ರಿವಾಲ್ವರಿನ ಕೊಂಡಿ ಸಡಿಲವಾದಾಗ ಅದನ್ನು ಸರಿಮಾಡಿಸಲು ಕಣ್ಣೂರಿನ ಕಡೆಯ ಒಬ್ಬ ವ್ಯಾಪಾರಿಯ ಬಳಿಗೆ ಹೋಗಿದ್ದೆವು. ಎರಡನೆಯದಾಗಿ .32ರ ಪಿಸ್ತೂಲು ತೆಗೆದುಕೊಂಡರೆ ತೋಟೆ ಎರಡಕ್ಕೂ ಒಂದೇ ಆಗುತ್ತದಲ್ಲ ಎಂದು ಭಾವ ಅಲ್ಲಿ ಕೇಳಿದರು. ಆ ವ್ಯಾಪಾರಿ ಉತ್ತರ ಹೇಳಲಿಲ್ಲ. ಹಿಂದಿನ ಕಪಾಟಿನಿಂದ ಎರಡು ತೋಟೆಗಳನ್ನು ತಂದು ಗಾಜಿನ ಮೇಲೆ ನೆಟ್ಟಗೆ ನಿಲ್ಲಿಸಿದರು. ಒಂದು ಇನ್ನೊಂದರ ಮುಕ್ಕಾಲು ಎತ್ತರವಿತ್ತು. ಉದ್ದದ್ದರ ಬುಡದಲ್ಲಿ ತಟ್ಟೆಯ ಅಂಚಿನಂತೆ ಹೊರಚಾಚಿದ ಬಳೆ. ಗಿಡ್ಡದ್ದರ ಬುಡದಲ್ಲಿ ಉಗುರಿಗೆ ಮಾತ್ರ ತಾಗುವಷ್ಟು ಸಣ್ಣ ಅಂಚು, ಅದರ ಮೇಲೆ ಸುತ್ತಲೂ ಒಂದು ಕಾಲುವೆ. ಉದ್ದದ್ದರ ಮೂತಿ ಬೂದುಬಣ್ಣದ ಬರಿಯ ಸೀಸ, ಗಿಡ್ಡದ್ದಕ್ಕೆ ತಾಮ್ರದ ಹೊದಿಕೆ.

ಉದ್ದದ್ದು .32 ಸ್ಮಿತ್ ಆ್ಯಂಡ್ ವೆಸನ್ ಲಾಂಗ್. 1896ರಲ್ಲಿ ಆ ಅಮೆರಿಕನ್ ಕಂಪನಿಯ ರಿವಾಲ್ವರಿನ ಜೊತೆಗೆ ಹುಟ್ಟಿದ್ದು. ತೋಟೆಯ ಒಟ್ಟು ಉದ್ದ ಸುಮಾರು 32 ಮಿಲಿಮೀಟರ್, ಹಿತ್ತಾಳೆಯ ಕೊಳವೆ 23.4 ಮಿಲಿಮೀಟರ್. ಗುಂಡಿನ ತೂಕ 98 ಗ್ರೇನ್, ಅಂದರೆ 6.35 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 215 ಮೀಟರ್. ಗಿಡ್ಡದ್ದು .32 ಎಸಿಪಿ, ಅಂದರೆ ಆಟೋಮ್ಯಾಟಿಕ್ ಕೋಲ್ಟ್ ಪಿಸ್ತೂಲ್. ಜಾನ್ ಬ್ರೌನಿಂಗ್ 1899ರಲ್ಲಿ ತನ್ನ ಸ್ವಯಂಭರ್ತಿ ಪಿಸ್ತೂಲಿಗಾಗಿ ರೂಪಿಸಿದ ಇದನ್ನು ಯುರೋಪಿನವರು 7.65 ಬ್ರೌನಿಂಗ್ ಎನ್ನುತ್ತಾರೆ. ಇದರ ಕೊಳವೆ 17 ಮಿಲಿಮೀಟರ್, ಗುಂಡು 71 ಗ್ರೇನ್, ವೇಗ ಸುಮಾರು 275 ಮೀಟರ್. ಹೊಡೆತದ ಶಕ್ತಿಯನ್ನು ಲೆಕ್ಕ ಹಾಕಿದರೆ ಮೊದಲನೆಯದು 147 ಜೂಲ್‌ನಷ್ಟು, ಎರಡನೆಯದು 174 ಜೂಲ್‌ನಷ್ಟು ಬರುತ್ತದೆ. ಕಾಗದದ ಮೇಲೆ ಪಿಸ್ತೂಲಿನದೇ ಮೇಲುಗೈ. ಆದರೆ ನಿಷೇಧಿತ 9 ಎಂಎಂನ ಶಕ್ತಿ 480 ಜೂಲ್ ದಾಟುತ್ತದೆ ಎಂಬುದನ್ನು ಪಕ್ಕದಲ್ಲಿ ಇಟ್ಟು ನೋಡಿದರೆ, ಈ 27 ಜೂಲ್‌ಗಳಿಗಾಗಿ ವಾದ ಮಾಡುವುದರಲ್ಲಿ ಅರ್ಥವಿಲ್ಲವೆಂದು ತಿಳಿಯುತ್ತದೆ.

ಅರ್ಥವಿರುವುದು ಬೇರೊಂದು ಕಡೆ. ವ್ಯಾಪಾರಿ ಭಾವನ ರಿವಾಲ್ವರನ್ನು ಮಡಚಿ ತೆರೆದು, ಆರು ತೂತುಗಳೂ ಖಾಲಿಯಿವೆಯೆಂದು ನಮಗೆ ತೋರಿಸಿ, ಆ ಗಿಡ್ಡ ತೋಟೆಯನ್ನು ಒಂದರೊಳಗೆ ಬಿಟ್ಟರು. ಅದು ಸರಕ್ಕನೆ ಇಳಿದು, ತನ್ನ ಸಣ್ಣ ಅಂಚಿನ ಮೇಲೆ ಅಲ್ಲೇ ಕುಳಿತಿತು. ಕೊಳವೆಯ ಅಗಲ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಅದು ಹಿಡಿಸುತ್ತದೆ. ಹಿಡಿಸುತ್ತದೆ ಎಂದ ಮಾತ್ರಕ್ಕೆ ಹೊಡೆಯಬಾರದು, ಒಂದೇ ಒಂದು ಸಲವೂ ಬಾರದು. ಅಮೆರಿಕದ ತಯಾರಕರ ಮಾನದಂಡದಲ್ಲಿ ರಿವಾಲ್ವರ್ ತೋಟೆಯ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್. ಪಿಸ್ತೂಲ್ ತೋಟೆಯದು 20,500. ನಡುವಿನಲ್ಲಿ ಮಡಚಿಕೊಳ್ಳುವ, ಮೇಲಿನ ಒಂದು ಕೊಂಡಿಯ ಬಲದಿಂದ ಮುಚ್ಚಿರುವ ಹಳೆಯ ವೆಬ್ಲಿ ಮಾದರಿಯ ರಿವಾಲ್ವರಿಗೆ ಇದು ಮಿತಿಮೀರಿದ ಹೊರೆ. ಕೊಂಡಿ ಸಡಿಲವಾಗಿ ರಿಪೇರಿಗೆ ಬಂದಿದ್ದ ಆಯುಧವನ್ನೇ ಕೈಯಲ್ಲಿ ಹಿಡಿದು ಅವರು ಈ ಮಾತನ್ನು ಹೇಳಿದ್ದರಿಂದ ಭಾವನಿಗೆ ಎರಡನೆಯ ಸಲ ವಿವರಿಸಬೇಕಾಗಿ ಬರಲಿಲ್ಲ.

ಹಾಗಾದರೆ .32 ರಿವಾಲ್ವರ್ ಇರುವ ಮನೆಗೆ .32 ಪಿಸ್ತೂಲನ್ನು ತರುವುದೆಂದರೆ, ಹೆಸರು ಒಂದೇ ಆಗಿರುವ, ಒಂದರ ತೂತಿನಲ್ಲಿ ಇನ್ನೊಂದು ಕುಳಿತುಕೊಳ್ಳುವ, ಆದರೆ ಬೆರೆಸಲೇಬಾರದ ಎರಡು ತೋಟೆಗಳನ್ನು ಒಂದೇ ಕಪಾಟಿನಲ್ಲಿ ಇಡುವುದು. ಕಣ್ಣು ಮಂಜಾದವರು, ರಾತ್ರಿ ಕರೆಂಟು ಹೋದಾಗ ಕೈಯಾಡಿಸುವವರು ಈ ಜೋಡಿಯನ್ನು ಮನೆಗೆ ತರಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಪಿಸ್ತೂಲಿಗೆ ತನ್ನದೇ ಗುಣಗಳಿಲ್ಲವೆಂದಲ್ಲ. ಸರ್ಕಾರಿ ಕಾರ್ಖಾನೆಯ ‘ಅಶನಿ’ ಪಿಸ್ತೂಲು ಚಪ್ಪಟೆಯಾಗಿದ್ದು ಸೊಂಟದಲ್ಲಿ ಉಬ್ಬಿ ಕಾಣುವುದಿಲ್ಲ; ತೋಟೆಗಳನ್ನು ಸಾಲಾಗಿ ತುಂಬಿಡುವ ಡಬ್ಬಿಯಾದ ಮ್ಯಾಗಜಿನ್ ಬದಲಿಸುವುದು ಒಂದೊಂದೇ ತೋಟೆ ತುಂಬುವುದಕ್ಕಿಂತ ಬೇಗ. ಆದರೆ .32 ಎಸಿಪಿಯ ಅರೆ ಅಂಚಿಗೆ ಒಂದು ಹುಟ್ಟುಗುಣವಿದೆ: ಮ್ಯಾಗಜಿನ್ ತುಂಬುವಾಗ ಮೇಲಿನ ತೋಟೆಯ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಎರಡೂ ಕಚ್ಚಿ ನಿಲ್ಲುತ್ತವೆ. ಅಭ್ಯಾಸವಿದ್ದವನು ಅದನ್ನು ಕೆಲವು ಕ್ಷಣಗಳಲ್ಲಿ ಬಿಡಿಸುತ್ತಾನೆ, ವರ್ಷಕ್ಕೊಮ್ಮೆ ಮುಟ್ಟುವವನಿಗೆ ಅದು ಒಗಟು.

ಎರಡೂ ರಿವಾಲ್ವರೇ ಆಗಲಿ, ಎರಡಕ್ಕೂ ಉದ್ದನೆಯ .32 ತೋಟೆಯೇ ಇರಲಿ ಎಂಬ ವಾದ ಹೆಚ್ಚು ಗಟ್ಟಿಯಾದದ್ದು. ಒಂದೇ ಬಗೆಯ ತೋಟೆ, ಒಂದೇ ಡಬ್ಬಿ, ಗೊಂದಲವಿಲ್ಲ. ಪುಣೆಯ ಖಡ್ಕಿ ಕಾರ್ಖಾನೆಯ ಕೆಎಫ್ ಮುದ್ರೆಯ ತೋಟೆಗಳು ಬುಡದಲ್ಲಿ ಆ ಅಕ್ಷರಗಳನ್ನು ಹೊತ್ತು ಬರುತ್ತವೆ. ಆಯುಧದಲ್ಲೂ ಈಗ ಆಯ್ಕೆ ಇದೆ. 2014ರಲ್ಲಿ ಕಾನ್ಪುರದ ಕಾರ್ಖಾನೆ ‘ನಿರ್ಭೀಕ್’ ಎಂಬ ಹಗುರ ರಿವಾಲ್ವರನ್ನು ಹೊರತಂದಿತು. ಟೈಟೇನಿಯಂ ಮಿಶ್ರಲೋಹದ ಅದರ ತೂಕ ಅರ್ಧ ಕಿಲೋದ ಆಸುಪಾಸು. 2023ರ ಆಗಸ್ಟಿನಲ್ಲಿ ಅದೇ ಊರಿನ ಸರ್ಕಾರಿ ಕಂಪನಿಯಿಂದ ಬಂದ ‘ಪ್ರಬಲ್’, ತೋಟೆ ತುಂಬುವ ತೂತುಗಳಿರುವ ಸಿಲಿಂಡರನ್ನು ಪಕ್ಕಕ್ಕೆ ಹೊರಳಿಸಿ ತುಂಬುವ ಮಾದರಿಯದು. ತೂಕ ತೋಟೆಗಳಿಲ್ಲದೆ 700 ಗ್ರಾಂ, ಗುರಿಯ ವ್ಯಾಪ್ತಿ 50 ಮೀಟರ್ ಎಂದು ತಯಾರಕರು ಹೇಳುತ್ತಾರೆ. 50 ಮೀಟರ್ ದೂರದ ಗುರಿಗೆ ಮೂರು ಇಂಚಿನ ನಳಿಗೆಯಿಂದ ಗುಂಡು ತಾಗಿಸುವುದು ಆಯುಧಕ್ಕೆ ಸಾಧ್ಯವಿದ್ದರೂ ಹಿಡಿದವನಿಗೆ ಸಾಧ್ಯವೇ ಎಂಬುದು ಬೇರೆ ಮಾತು; ಆದರೆ ಸಿಲಿಂಡರಿನ ಮೇಲೂ ಕೆಳಗೂ ಇಡಿಯಾಗಿ ಸುತ್ತುವರಿದ ಚೌಕಟ್ಟು ಮಡಚುವ ಕೊಂಡಿಗಿಂತ ಬಲವಾದದ್ದು ಎಂಬುದರಲ್ಲಿ ಸಂಶಯವಿಲ್ಲ. ಮೊದಲನೆಯ ರಿವಾಲ್ವರ್ ಹಳತಾಗಿ ನಂಬಿಕೆ ಕಳೆದುಕೊಂಡಿದ್ದರೆ ಎರಡನೆಯದನ್ನು ಸೇರಿಸುವ ಬದಲು ಅದನ್ನೇ ಮಾರಿ, ಇಂಥದ್ದನ್ನು ಆ ಜಾಗಕ್ಕೆ ತರುವುದು ಲೇಸು.

ನಾನು ಒಪ್ಪಿದ್ದು ಮಾತ್ರ .22. ಕಾರಣವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಭಾವ ಮೊದಲು ನಕ್ಕರು. “ಅದು ಮಕ್ಕಳ ಆಟದ ಸಾಮಾನಲ್ಲವಾ ಮಾರಾಯ, ಅದರಲ್ಲಿ ಎಂತ ಉಂಟು?” ಎಂದರು. 1887ರಲ್ಲಿ ಹುಟ್ಟಿದ .22 ಎಲ್‌ಆರ್ (ಲಾಂಗ್ ರೈಫಲ್) ತೋಟೆಯ ಗುಂಡು 40 ಗ್ರೇನ್, ಅಂದರೆ 2.6 ಗ್ರಾಂ ಮಾತ್ರ. ಆದರೆ ಉದ್ದ ನಳಿಗೆಯ ಪಿಸ್ತೂಲಿನಿಂದ ಅದು ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ಹೊರಟರೆ ಶಕ್ತಿ 117 ಜೂಲ್ ಆಗುತ್ತದೆ. ಗಿಡ್ಡ ನಳಿಗೆಯಲ್ಲಿ 270 ಮೀಟರಿಗೆ ಇಳಿದರೂ 95 ಜೂಲ್ ಉಳಿಯುತ್ತದೆ. ಭಾವ ಹದಿನೆಂಟು ವರ್ಷದಿಂದ ತಲೆದಿಂಬಿನ ಪಕ್ಕದ ಕಪಾಟಿನಲ್ಲಿಟ್ಟು ನಂಬಿರುವ ರಿವಾಲ್ವರಿನ 147ಕ್ಕೂ ಇದಕ್ಕೂ ಇರುವ ಅಂತರ ಜನ ತಿಳಿದಷ್ಟು ದೊಡ್ಡದಲ್ಲ. ಬಯಲಿನಲ್ಲಿ ಈ ಸಣ್ಣ ಗುಂಡು ಒಂದು ಕಿಲೋಮೀಟರಿಗಿಂತ ದೂರ ಹೋಗಿ ಬೀಳಬಲ್ಲದು. ಆಟದ ಸಾಮಾನು ಎಂದವರು ಈ ಸಂಖ್ಯೆಯನ್ನು ನೆನಪಿಡಬೇಕು.

ಆದರೂ ಶಕ್ತಿಗಾಗಿ .22 ತೆಗೆದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದನ್ನು ತೆಗೆದುಕೊಳ್ಳುವುದು ಕೈ ಪಳಗಿಸಿಕೊಳ್ಳುವುದಕ್ಕಾಗಿ. ಅದರ ಒದೆತ ಬಹಳ ಕಡಿಮೆ, ಸದ್ದೂ ಕಡಿಮೆ, ತೋಟೆಯ ಬೆಲೆ .32ರದಕ್ಕಿಂತ ಎಷ್ಟೋ ಅಗ್ಗ. ಕೈಬಂದೂಕಿನಲ್ಲಿ ಗುರಿ ತಪ್ಪುವುದು ಬಹುಪಾಲು ಗುಂಡು ಹೊರಡುವ ಮೊದಲು: ಸದ್ದನ್ನೂ ಒದೆತವನ್ನೂ ನಿರೀಕ್ಷಿಸಿ ಕೈ ತಾನಾಗಿ ಕೆಳಕ್ಕೆ ಜಗ್ಗುತ್ತದೆ, ಟ್ರಿಗರನ್ನು ಹಿಸುಕುವ ಬದಲು ಎಳೆದುಬಿಡುತ್ತೇವೆ. ಈ ಕೆಟ್ಟ ರೂಢಿ ಬಿಡಿಸಲು ನೂರಾರು ತೋಟೆ ಹೊಡೆಯಬೇಕಾಗುತ್ತದೆ. ಒಂದು ಕೈಯಲ್ಲಿ ಲೆಕ್ಕ ಹಾಕುತ್ತಾ ಇನ್ನೊಂದು ಕೈಯಲ್ಲಿ .32 ಹೊಡೆಯುವವನು ಹತ್ತಕ್ಕೇ ನಿಲ್ಲಿಸುತ್ತಾನೆ. ಭಾವ ನಿಲ್ಲಿಸಿದ್ದು ಹಾಗೆಯೇ.

.22ಕ್ಕೆ ದೋಷಗಳಿಲ್ಲದಿಲ್ಲ, ಅವನ್ನೂ ಕಣ್ಣಾರೆ ನೋಡಿಯೇ ಕೊಳ್ಳಬೇಕು. .32ರ ತೋಟೆಯ ಬುಡದ ನಡುವೆ, ಬಡಿಗೆ ತಾಗಿದಾಗ ಮದ್ದಿಗೆ ಬೆಂಕಿ ಹತ್ತಿಸುವ ಕೇಪು ಇರುತ್ತದೆ; .22ಕ್ಕೆ ಪ್ರತ್ಯೇಕ ಕೇಪಿಲ್ಲ, ಬೆಂಕಿ ಹತ್ತುವ ಮಸಾಲೆಯನ್ನು ಬುಡದ ಅಂಚಿನೊಳಗೆ ಸುತ್ತಲೂ ಹರಡಿರುತ್ತಾರೆ. ಆ ಅಂಚಿನ ಯಾವುದೋ ಭಾಗದಲ್ಲಿ ಮಸಾಲೆ ಸರಿಯಾಗಿ ಕೂರದಿದ್ದು, ಬಡಿಗೆ ಅಲ್ಲಿಯೇ ತಾಗಿದರೆ ತೋಟೆ ಹಾರುವುದಿಲ್ಲ. ನಡುವೆ ಕೇಪಿರುವ ತೋಟೆಗಿಂತ ಇದು ಹೆಚ್ಚು ಸಲ ಕೈಕೊಡುತ್ತದೆ ಎಂಬುದು ಎಲ್ಲರೂ ಒಪ್ಪುವ ಮಾತು. ಹಾಗೆ ಹಾರದೆ ಉಳಿದಾಗ ಮೂತಿಯನ್ನು ಸುರಕ್ಷಿತ ದಿಕ್ಕಿನಲ್ಲೇ ಇಟ್ಟು ಅರ್ಧ ನಿಮಿಷ ಕಾಯಬೇಕು, ತಡವಾಗಿ ಹೊತ್ತಿಕೊಳ್ಳುವ ತೋಟೆಯೂ ಇರುತ್ತದೆ. ಇದೇ ಕಾರಣದಿಂದ, ಮನೆಯ ರಕ್ಷಣೆಗೆ .22 ಒಂದನ್ನೇ ನೆಚ್ಚಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ, ಮೊದಲನೆಯದಾಗಿ.32 ಇದ್ದವರಿಗೆ ಎರಡನೆಯದಾಗಿ ಮಾತ್ರ ಅದು ಸರಿ.

ಇನ್ನೊಂದು ಸೂಕ್ಷ್ಮವಿದೆ. .32 ರಿವಾಲ್ವರನ್ನು ಎರಡೆರಡು ಸಲ ಖಾಲಿಯೆಂದು ನೋಡಿಕೊಂಡು, ತೂತಿನಲ್ಲಿ ಮದ್ದಿಲ್ಲದ ಪೊಳ್ಳು ತೋಟೆ ಇಟ್ಟು, ಮನೆಯೊಳಗೇ ಟ್ರಿಗರಿನ ಅಭ್ಯಾಸ ಮಾಡಬಹುದು. .22ಕ್ಕೆ ಖಾಲಿ ಟ್ರಿಗರ್ ಒತ್ತಬಾರದು. ತೋಟೆ ಇಲ್ಲದಾಗ ಬಡಿಗೆಯ ತುದಿ ನೇರವಾಗಿ ತೂತಿನ ಬಾಯಿಯ ಉಕ್ಕಿಗೆ ಬಡಿದು ಅಲ್ಲಿ ಗುಳಿ ಬೀಳುತ್ತದೆ. ಮುಂದೆ ತೋಟೆ ಸರಿಯಾಗಿ ಕೂರುವುದಿಲ್ಲ, ಖಾಲಿಯಾದದ್ದು ಹೊರಗೆ ಬರುವುದಿಲ್ಲ. ಹಳೆಯ .22 ಕೊಳ್ಳುವಾಗ ಮೊದಲು ನೋಡಬೇಕಾದದ್ದು ಹೊಳಪನ್ನಲ್ಲ, ಈ ಗುಳಿಯನ್ನು.

.22ರಲ್ಲೇ ಪಿಸ್ತೂಲೋ ರಿವಾಲ್ವರೋ ಎಂದರೆ ನಮ್ಮ ಕರಾವಳಿಗೆ ರಿವಾಲ್ವರ್ ಎಂದು ನಾನು ಹೇಳುತ್ತೇನೆ. ಒಂದು ತೋಟೆ ಹಾರದಿದ್ದರೆ ಮುಂದಿನ ಸಲ ಸಿಲಿಂಡರ್ ತಾನೇ ತಿರುಗಿ ಹೊಸ ತೋಟೆ ಎದುರಿಗೆ ಬರುತ್ತದೆ. ಪಿಸ್ತೂಲಿನಲ್ಲಿ ಕೈಯಿಂದ ಎಳೆದು ತೆಗೆಯಬೇಕು. ಇಶಾಪುರದ ಕಾರ್ಖಾನೆ ‘ನಿಡರ್’ ಎಂಬ ಬಹಳ ಹಗುರವಾದ .22 ರಿವಾಲ್ವರನ್ನು ಮಾಡಿದೆ. ಕಿಸೆಗೆ ಅದು ಒಳ್ಳೆಯದಿರಬಹುದು, ಆದರೆ ಅಷ್ಟು ಹಗುರವಾದ, ಅಷ್ಟು ಗಿಡ್ಡ ನಳಿಗೆಯ ಆಯುಧದಲ್ಲಿ ಗುರಿ ಕಲಿಯುವುದು ಕಷ್ಟ. ಅಭ್ಯಾಸಕ್ಕೆಂದೇ ಕೊಳ್ಳುವವರು ಸ್ವಲ್ಪ ಭಾರವಾದ, ನಾಲ್ಕು ಇಂಚಿಗೆ ಕಡಿಮೆಯಿಲ್ಲದ ನಳಿಗೆಯದನ್ನು ಹುಡುಕಬೇಕು.

.25ರ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1905ರಲ್ಲಿ ಬ್ರೌನಿಂಗನೇ ಮಾಡಿದ ಈ 6.35 ಮಿಲಿಮೀಟರಿನ ತೋಟೆಯ ಶಕ್ತಿ 85 ಜೂಲ್‌ನಷ್ಟು. ನಡುವೆ ಕೇಪಿರುವುದರಿಂದ .22ಕ್ಕಿಂತ ನಂಬಿಕೆಗೆ ಯೋಗ್ಯ, ಅಂಗೈಯಲ್ಲಿ ಅಡಗುವ ಪಿಸ್ತೂಲುಗಳಿಗೆಂದೇ ಹುಟ್ಟಿದ್ದು. ಆದರೆ ತೋಟೆ ಸಿಗುವುದೇ ಅಪರೂಪವಾದ ಮೇಲೆ ಆಯುಧ ಎಷ್ಟು ಮುದ್ದಾಗಿದ್ದರೇನು? ಅಜ್ಜನ ಕಾಲದಿಂದ ಬಂದದ್ದಿದ್ದರೆ ಇಟ್ಟುಕೊಳ್ಳಬಹುದು. ಹೊಸದಾಗಿ ಜಾಗ ಕೊಡಬಾರದು.

ತೋಟೆಯ ಲೆಕ್ಕವನ್ನು ಮರೆಯುವವರೇ ಹೆಚ್ಚು. ಪರವಾನಗಿಯಲ್ಲಿ ಎರಡು ಸಂಖ್ಯೆಗಳಿರುತ್ತವೆ: ಒಂದೇ ಹೊತ್ತಿಗೆ ಕೈಯಲ್ಲಿ ಇರಬಹುದಾದ ತೋಟೆ ಎಷ್ಟು, ವರ್ಷವಿಡೀ ಕೊಳ್ಳಬಹುದಾದದ್ದು ಎಷ್ಟು ಎಂದು. ಎರಡನೆಯ ಆಯುಧಕ್ಕೆ ಅರ್ಜಿ ಕೊಡುವಾಗ ಅದರ ತೋಟೆಯ ಸಂಖ್ಯೆಯನ್ನೂ ಬೇರೆಯಾಗಿ ಬರೆಸಿಕೊಳ್ಳದಿದ್ದರೆ ಅಗ್ಗದ .22 ಕೊಂಡ ಉದ್ದೇಶವೇ ಕೆಡುತ್ತದೆ. ಖಾಲಿ ಕೊಳವೆಗಳನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಕೂಡಿಡುವುದು ಒಳ್ಳೆಯದು, ಹೊಡೆದದ್ದೆಲ್ಲಿ ಎಂದು ಲೆಕ್ಕ ಕೇಳುವ ಅಧಿಕಾರಿಗಳಿರುತ್ತಾರೆ. ಹೊಡೆಯುವುದೆಲ್ಲಿ ಎಂಬುದೂ ನಮ್ಮ ಜಿಲ್ಲೆಯವರಿಗೆ ಸಣ್ಣ ಪ್ರಶ್ನೆಯಲ್ಲ. ತೋಟದ ಬದಿಯ ಧರೆಗೆ ಹಾಳೆ ಅಂಟಿಸಿ ಗುರಿ ಕಲಿಯಲು ಆತ್ಮರಕ್ಷಣೆಯ ಪರವಾನಗಿ ಅವಕಾಶ ಕೊಡುವುದಿಲ್ಲ. ಅದಕ್ಕೆ ಮಾನ್ಯತೆ ಪಡೆದ ರೇಂಜ್ ಬೇಕು. 2015ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ ದೊಡ್ಡ ರೇಂಜ್ ತಿರುವನಂತಪುರದ ವಟ್ಟಿಯೂರ್ಕಾವಿನಲ್ಲಿದೆ, ಅಂದರೆ ನಾವು ರಾಜ್ಯದ ಒಂದು ತುದಿಯಲ್ಲಿ, ಅದು ಇನ್ನೊಂದು ತುದಿಯಲ್ಲಿ. ಅಷ್ಟು ದೂರ ಹೋಗಿ ಹತ್ತು ತೋಟೆ ಹೊಡೆದು ಬರುವವರು ಯಾರು? ಹೋದ ಮೇಲೆ ಒಂದು ದಿನವಿಡೀ ಹೊಡೆಯುವಂತಿರಬೇಕು, ಅದು.22ರಿಂದ ಮಾತ್ರ ಆಗುವ ಮಾತು.

ಹತ್ತಿರದ ಮಂಗಳೂರಿಗೆ ಹೋದರಾಯಿತು ಎನ್ನುವವರಿಗೆ ಒಂದು ಎಚ್ಚರಿಕೆ. ನಮ್ಮ ಆಸ್ಪತ್ರೆ, ಕಾಲೇಜು, ಜವಳಿ, ಮದುವೆ ಎಲ್ಲವೂ ಮಂಗಳೂರಿನಲ್ಲೇ ನಡೆಯುವುದರಿಂದ ತಲಪಾಡಿ ನಮಗೆ ಗಡಿಯೆಂದು ಅನ್ನಿಸುವುದೇ ಇಲ್ಲ. ಪರವಾನಗಿಗೆ ಮಾತ್ರ ಅದು ಗಡಿಯೇ. ಪುಸ್ತಕದಲ್ಲಿ ವ್ಯಾಪ್ತಿ ಕೇರಳ ಎಂದಷ್ಟೇ ಬರೆದಿದ್ದರೆ ತಲಪಾಡಿಯ ಆಚೆ ನಿಮ್ಮ ರಿವಾಲ್ವರ್ ಪರವಾನಗಿ ಇಲ್ಲದ ಆಯುಧ. ವ್ಯಾಪ್ತಿಯಲ್ಲಿ ಕರ್ನಾಟಕವನ್ನು ಸೇರಿಸಿಕೊಳ್ಳುವ ಕೋರಿಕೆಯನ್ನು ಎರಡನೆಯ ಆಯುಧದ ಅರ್ಜಿಯ ಜೊತೆಗೇ ಇಡುವುದು ಜಾಣತನ.

ಮಳೆಯ ಮಾತು ಆಡದೆ ಕಾಸರಗೋಡಿನಲ್ಲಿ ಯಾವ ಲೋಹದ ಮಾತನ್ನೂ ಮುಗಿಸುವಂತಿಲ್ಲ. ಭಾವನ ತೋಟೆಗಳು ಚರ್ಮದ ಪಟ್ಟಿಯ ಕುಣಿಕೆಗಳಲ್ಲಿ ವರ್ಷಗಳಿಂದ ಸಾಲಾಗಿ ಕುಳಿತಿದ್ದವು, ನೋಡಲು ಚಂದ. ಕಳೆದ ಆಟಿ ತಿಂಗಳ ಮಳೆಯಲ್ಲಿ ಒಂದನ್ನು ಹೊರಗೆಳೆದೆ. ಚರ್ಮ ತಾಗಿದ ಕಡೆಯೆಲ್ಲ ಹಸಿರು ಕಿಲುಬು ಉಂಗುರದಂತೆ ಕಟ್ಟಿತ್ತು, ಉಗುರಿನಿಂದ ಕೆರೆದರೆ ಹುಡಿಯಾಗಿ ಉದುರಿತು, ಅದರಡಿಯ ಹಿತ್ತಾಳೆ ಸಣ್ಣ ಸಣ್ಣ ಚುಕ್ಕೆಗಳಾಗಿ ತಿಂದುಹೋಗಿತ್ತು. ಚರ್ಮ ಹದಮಾಡುವ ರಾಸಾಯನಿಕಕ್ಕೂ ನಮ್ಮ ಥಂಡಿಗೂ ಹಿತ್ತಾಳೆಯ ಮೇಲೆ ಒಟ್ಟಾಗಿ ಮಾಡುವ ಕೆಲಸವಿದು. ಅಂಥ ತೋಟೆ ಸಿಲಿಂಡರಿನಲ್ಲಿ ಸಿಕ್ಕಿಕೊಳ್ಳಬಹುದು, ಕೊಳವೆ ಸೀಳಬಹುದು. ಒಣಗಿದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಪೊಟ್ಟಣದೊಂದಿಗೆ ಇಟ್ಟ ತೋಟೆ ಮಾತ್ರ ನಂಬಿಕೆಯದು. ಗುಂಡು ಕೊಳವೆಯನ್ನು ಕಚ್ಚಿ ಹಿಡಿದ ಬಾಯಿ ಮತ್ತು ಕೇಪು ಗಟ್ಟಿಯಾಗಿರುವುದರಿಂದ .32 ಈ ತೇವವನ್ನು ಹೆಚ್ಚು ತಾಳುತ್ತದೆ. ಬರಿಯ ಸೀಸದ, ತೆಳು ಕೊಳವೆಯ.22 ಕಡಿಮೆ ತಾಳುತ್ತದೆ. ಹೀಗಾಗಿ .22 ತೋಟೆಯನ್ನು ಕೂಡಿಡಬಾರದು. ಕೊಂಡ ವರ್ಷವೇ ಹೊಡೆದು ಮುಗಿಸಬೇಕು. ಕೊಂಡದ್ದೂ ಅದಕ್ಕೇ ತಾನೆ.

ಚುನಾವಣೆಯ ಕಾಲದ ಠೇವಣಿಯನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು. ಲೋಕಸಭೆ, ವಿಧಾನಸಭೆ, ಪಂಚಾಯತು ಎಂದು ನೋಟೀಸು ಬಂದಾಗಲೆಲ್ಲ ಆಯುಧವನ್ನು ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಇಟ್ಟು ಬರುವುದು ನಮ್ಮಲ್ಲಿ ರೂಢಿ. ಎರಡಿದ್ದರೆ ಎರಡನ್ನೂ ಇಡಬೇಕು, ಎರಡಕ್ಕೂ ಎಣ್ಣೆ ಹಚ್ಚಬೇಕು, ಮರಳಿ ತಂದ ದಿನ ಎರಡರ ನಳಿಗೆಯನ್ನೂ ಬೆಳಕಿಗೆ ಹಿಡಿದು ತುಕ್ಕು ನೋಡಬೇಕು. ಈ ದುಡಿತ ಬೇಡವೆನ್ನುವವರಿಗೆ ಒಂದೇ ಸಾಕು.

ಇಷ್ಟನ್ನೆಲ್ಲ ತೂಗಿದ ಮೇಲೆ ನನ್ನ ಅಭಿಪ್ರಾಯ ಹೀಗಿದೆ. ಮೊದಲನೆಯದು ಗಟ್ಟಿಮುಟ್ಟಾದ .32 ರಿವಾಲ್ವರ್ ಆಗಿದ್ದು, ವರ್ಷಕ್ಕೆ ಎರಡು ಸಲವಾದರೂ ರೇಂಜಿಗೆ ಹೋಗುವ ಮನಸ್ಸಿದ್ದರೆ ಎರಡನೆಯದು .22 ರಿವಾಲ್ವರ್ ಆಗಲಿ. ರೇಂಜಿಗೆ ಹೋಗುವುದೇ ಇಲ್ಲವೆಂದಾದರೆ ಎರಡನೆಯದು ಯಾವುದೂ ಬೇಡ. ಮೊದಲನೆಯದು .32 ಪಿಸ್ತೂಲಾಗಿದ್ದರೆ, ಎರಡನೆಯದಾಗಿ .32 ರಿವಾಲ್ವರ್ ತಂದು ಗೊಂದಲ ಮಾಡಿಕೊಳ್ಳಬಾರದು, ಅಲ್ಲಿಯೂ.22ವೇ, ಆದರೆ ಹಿಡಿತವೂ ಟ್ರಿಗರೂ ಮೊದಲನೆಯದನ್ನು ಹೋಲುವಂತೆ ಪಿಸ್ತೂಲೇ ಆಗಬೇಕು. ಸ್ಪರ್ಧೆಗೆ ಇಳಿಯುವವರ ದಾರಿ ಬೇರೆ: 25 ಮೀಟರಿನ ಸೆಂಟರ್‌ಫೈರ್ (ನಡುವೆ ಕೇಪಿರುವ ತೋಟೆಗಳ) ವಿಭಾಗದಲ್ಲಿ 7.62ರಿಂದ 9.65 ಮಿಲಿಮೀಟರಿನವರೆಗಿನ ಬೋರುಗಳಿಗೆ ಅವಕಾಶವಿದ್ದು, ಅಲ್ಲಿ ಮೂತಿ ಚಪ್ಪಟೆಯಾದ .32 ಲಾಂಗ್ ತೋಟೆಗೆ ಇಂದಿಗೂ ದೊಡ್ಡ ಗೌರವವಿದೆ. ಅಡಿಕೆ ತೋಟದವರು ಸಾಧಾರಣವೆಂದು ಬದಿಗೆ ಸರಿಸುವ ತೋಟೆ, ನಿಖರತೆಯ ಆಟದಲ್ಲಿ ಆಯ್ಕೆಯ ತೋಟೆಯಾಗಿರುವುದು ವಿಚಿತ್ರವಾದರೂ ನಿಜ.

ಅರ್ಜಿ ಬರೆಯುವಾಗ .32 ಎಂದೋ .22 ಎಂದೋ ಬರೆದು ಬಿಡಬಾರದು. ರಿವಾಲ್ವರ್ ಅಥವಾ ಪಿಸ್ತೂಲ್ ಎಂಬುದನ್ನೂ, ತೋಟೆಯ ಪೂರ್ತಿ ಹೆಸರನ್ನೂ ಬರೆಯಬೇಕು, ಏಕೆಂದರೆ ವ್ಯಾಪಾರಿ ತೋಟೆ ಕೊಡುವುದು ನಿಮ್ಮ ಬಾಯಿಮಾತನ್ನು ನೋಡಿ ಅಲ್ಲ, ಪುಸ್ತಕದ ಸಾಲನ್ನು ನೋಡಿ. ಭಾವ ವಿದ್ಯಾನಗರದ ಕಲೆಕ್ಟರೇಟಿಗೆ ಕೊಂಡೊಯ್ದ ಅರ್ಜಿಯಲ್ಲಿ ‘.22 ಎಲ್‌ಆರ್ ರಿವಾಲ್ವರ್’ ಎಂದು ಬರೆದಿದ್ದರು. ಕಾರಣದ ಅಂಕಣದಲ್ಲಿ ಗುರಿ ಅಭ್ಯಾಸ ಎಂದಿತ್ತು, ವ್ಯಾಪ್ತಿಯ ಅಂಕಣದಲ್ಲಿ ಕೇರಳ ಮತ್ತು ಕರ್ನಾಟಕ. ಚರ್ಮದ ಪಟ್ಟಿ ಈಗ ಅಟ್ಟದ ಮೊಳೆಯಲ್ಲಿ ಖಾಲಿಯಾಗಿ ನೇತಾಡುತ್ತಿದೆ.